ಇಂಡಕ್ಷನ್ ಒಲೆ ಸದ್ಯಕ್ಕೆ ಬೇಡ ಅಕ್ಕ

ಉಟ್ರೆಕ್ಟ್, ನೆದರ್ಲೆಂಡ್ಸ್
ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ಸಿಲಿಂಡರ್ ಸಿಡಿಯುತ್ತೇನೋ ಅಂತ ನಿನ್ನ ಮಗಳು ಪುಟ್ಟಿ ಹೆದರ್ತಾಳೆ, ಅವಳಿಗೋಸ್ಕರ ಗ್ಯಾಸ್ ತೆಗೆಸಿ ಇಂಡಕ್ಷನ್ ಒಲೆ ತರೋಣ ಅಂತಿದ್ದಾರೆ ಭಾವ ಅಂತ ಬರೆದಿದ್ದೀಯ. ಸದ್ಯಕ್ಕೆ ಬೇಡ. ದುಡ್ಡಿನ ಮಾತಲ್ಲ. ಸಿಲಿಂಡರ್ ಆಚೆ ಹೋದರೂ ಭಯ ಮನೆಯಲ್ಲೇ ಉಳಿಯುತ್ತೆ. ನಾಳೆ ಬಾಗಿಲ ಚಿಲಕಕ್ಕೋ ಗೀಸರ್ ಸ್ವಿಚ್ಚಿಗೋ ಅಂಟಿಕೊಳ್ಳಬಹುದು.

ರಾತ್ರಿ ರೆಗ್ಯುಲೇಟರ್ ಒಂದು ಸಲ ನೋಡಿ ಮಲಗೋದು ಎಲ್ಲರೂ ಮಾಡಬೇಕಾದ್ದೇ. ಅವಳು ಮತ್ತೆ ಮತ್ತೆ ಎದ್ದು ನೋಡ್ತಾಳೆ, ನಿನ್ನ ಕೇಳ್ತಾಳೆ, ಈಗ ಅಡುಗೆಮನೆಗೇ ಕಾಲಿಡಲ್ಲ ಅಂತೀಯ. ಸಿಲಿಂಡರ್ ಸಿಡಿಯೋ ಸಂಭವ ತೀರಾ ಕಮ್ಮಿ ಅಂತ ಅವಳಿಗೂ ಗೊತ್ತು, ಅದಕ್ಕೇ ನಿಮ್ಮ ಬುದ್ಧಿಮಾತು ನಾಟಲ್ಲ. ‘ಅಕಸ್ಮಾತ್ ಆದರೆ? ಆಗ ತಪ್ಪು ನನ್ನದಲ್ವಾ?’ ಅನ್ನೋದು ಅವಳನ್ನ ಹಿಡಿದಿದೆ. ನೋಡಿ ಬಂದ ಕೂಡಲೇ ಎದೆ ಹಗುರಾಗುತ್ತೆ. ಮೋಸ ಇರೋದು ಅಲ್ಲೇ. ಬೆಳಗ್ಗೆ ಮನೆ ನೆಟ್ಟಗಿದ್ದರೆ, ನಾನು ನೋಡಿದ್ದಕ್ಕೇ ಉಳೀತು ಅಂತ ಮನಸ್ಸು ಲೆಕ್ಕ ಬರ್ಕೊಳ್ಳುತ್ತೆ. ನೋಡದಿದ್ದರೂ ಏನೂ ಆಗ್ತಿರಲಿಲ್ಲ ಅಂತ ಗೊತ್ತಾಗೋಕೆ ಅವಕಾಶವೇ ಸಿಗಲ್ಲ.

ನೀನು ಅಜ್ಜಿಯ ಮಡಿಗೆ ಹೋಲಿಸಿದ್ದೀಯ. ಅಜ್ಜಿ ಸ್ನಾನ ಮಾಡಿ ಮಡಿಸೀರೆ ಉಟ್ಟರೆ ಅಲ್ಲಿಗೆ ಮುಗೀತು, ಆಮೇಲೆ ನೆಮ್ಮದಿಯಾಗಿ ಕಾಫಿ ಕುಡೀತಿದ್ದರು. ಪುಟ್ಟಿಗೆ ಆ ನೆಮ್ಮದಿ ಎಲ್ಲಿದೆ?

ನಮಗೆ ಇಲ್ಲಿ ಪಾಠಕ್ಕಿದ್ದ ಪ್ರಯೋಗವೊಂದು ನಿನ್ನ ಪತ್ರ ಓದುವಾಗ ನೆನಪಾಯ್ತು. ಅದೂ ಗ್ಯಾಸ್ ಒಲೆಯದ್ದೇ! ಈ ದೇಶದ ವ್ಯಾನ್ ಡೆನ್ ಹೌಟ್, ಕಿಂಟ್ ಅನ್ನೋ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ್ದು. ಇಂಥ ಭಯದ ಕಾಯಿಲೆ ಇಲ್ಲದವರ ಕೈಲಿ ಕಂಪ್ಯೂಟರ್ ಪರದೆಯ ಮೇಲಿನ ಒಲೆಯನ್ನ ಪದೇ ಪದೇ ಪರೀಕ್ಷೆ ಮಾಡಿಸಿದರು. ಕೊನೇ ಸಲ ಏನು ನೋಡಿದ್ದು ಅಂತ ಕೇಳಿದರೆ ನೆನಪೇನೋ ಸರಿಯಾಗೇ ಇತ್ತು, ಆದರೆ ಮಸುಕಾಗಿತ್ತು, ಅದರ ಮೇಲಿನ ನಂಬಿಕೆ ಕುಸಿದಿತ್ತು. ಅನುಮಾನ ಬಂತು ಅಂತ ನೋಡ್ತಾಳೆ, ನೋಡಿ ನೋಡಿ ಅನುಮಾನ ಇನ್ನೂ ಬೆಳೆಯುತ್ತೆ.

ನನಗೆ ಕಾಣೋ ಹಾಗೆ ಇದು ಒಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಕಾಯಿಲೆ. ಖಚಿತ ಮಾಡಬೇಕಾದವರು ಡಾಕ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ಹುಚ್ಚಾಸ್ಪತ್ರೆ ಅಂತ ಅತ್ತೆ ಗೊಣಗಿದರೆ ಗೊಣಗಲಿ. ಭಯ ಆಗೋ ಕೆಲಸವನ್ನ ಸ್ವಲ್ಪ ಸ್ವಲ್ಪವಾಗಿ ಮಾಡಿಸಿ, ಆಮೇಲೆ ಪರೀಕ್ಷೆ ಮಾಡದೆ ಇರೋದನ್ನ ಕಲಿಸ್ತಾರೆ. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತೋರಿಸಿದ ದಾರಿ ಅದು. ಗಾಬರಿ ಏರುತ್ತೆ, ಏರಿದರೂ ತಡ್ಕೋಬಹುದು ಅಂತ ಅವಳಿಗೇ ಗೊತ್ತಾಗುತ್ತೆ. ಮಾತ್ರೆ ಕೊಟ್ಟರೆ ಹತ್ತು ಹನ್ನೆರಡು ವಾರ ಕಾಯಬೇಕಾಗಬಹುದು, ಎಂಟೇ ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಿಸಬೇಡ.

ಕಷ್ಟದ ಕೆಲಸ ನಿನ್ನದೇ. ‘ಆಫ್ ಆಗಿದ್ಯಾ ಅಮ್ಮ’ ಅಂದಾಗ ಒಂದು ಸಲ ಉತ್ತರ ಕೊಡು. ಮತ್ತೆ ಕೇಳಿದರೆ ‘ಹೇಳಿದ್ದೀನಲ್ಲ ಕಂದ, ಈಗ ಕೇಳ್ತಿರೋದು ನಿನ್ನ ಭಯ’ ಅಂದು ಪಕ್ಕದಲ್ಲಿ ಕೂತ್ಕೋ. ಗದರಬೇಡ. ಅವಳ ಭಯಕ್ಕೆ ಮಣಿದು ಮಾಡೋ ಮಿಕ್ಕಿದ್ದನ್ನೆಲ್ಲ ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಕಮ್ಮಿ ಮಾಡು.

ಯಾವತ್ತು ಹೋಗ್ತೀರಿ ಅಂತ ವಾಟ್ಸಾಪ್‌ನಲ್ಲಿ ತಿಳಿಸು. ಪುಟ್ಟಿ ಒಪ್ಪಿದರೆ ಅವಳ ಹತ್ತಿರ ನಾನೂ ಮಾತಾಡ್ತೀನಿ. ಭಾವನಿಗೆ, ಅತ್ತೆಗೆ ನಮಸ್ಕಾರ.

ನಿನ್ನ ತಂಗಿ