ಕರಪತ್ರ ಅಚ್ಚಿಗೆ ಹೋಗುವ ಮುಂಚೆ

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಇಲ್ಲಿ ಇಂಗ್ಲೆಂಡಿನಲ್ಲಿ, ಮೇ ತಿಂಗಳ ಕೌನ್ಸಿಲ್ (ನಮ್ಮ ನಗರಸಭೆಯಂಥದು) ಚುನಾವಣೆಗೆ ಸ್ವತಂತ್ರನಾಗಿ ನಿಲ್ಲುತ್ತೇನೆ ಅಂತ ಬರೆದು, ಕರಪತ್ರದ ಕರಡನ್ನೂ ಕಳಿಸಿದ್ದೀಯ. ನಿಲ್ಲಪ್ಪ, ಸಂತೋಷ. ಆದರೆ ಈ ಕರಪತ್ರ ಹೀಗೇ ಅಚ್ಚಾಗಕೂಡದು. ನಾಲ್ಕು ಭರವಸೆ ಕೊಟ್ಟಿದ್ದೀಯ: ಶಾಖಾ ಗ್ರಂಥಾಲಯ ಮುಚ್ಚಲು ಬಿಡುವುದಿಲ್ಲ, ಪಾರ್ಕಿಂಗ್ ದಂಡದ ದುಡ್ಡು ಗ್ರಂಥಾಲಯಕ್ಕೆ, ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಏರಿಕೆ ಇಲ್ಲ, ಜಿಪಿ ಸರ್ಜರಿಯಲ್ಲಿ (ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲಿ) ಬೇಗ ಅಪಾಯಿಂಟ್‌ಮೆಂಟ್. ಇವುಗಳಲ್ಲಿ ಒಂದು ಕೌನ್ಸಿಲ್ಲಿನ ಕೈಯಲ್ಲೇ ಇಲ್ಲ, ಒಂದನ್ನು ಕಾನೂನು ಒಪ್ಪುವುದಿಲ್ಲ, ಉಳಿದೆರಡು ಒಂದರ ಕತ್ತನ್ನು ಇನ್ನೊಂದು ಹಿಸುಕುತ್ತವೆ.

ಜಿಪಿ ವಿಷಯ ಮೊದಲು ಹೊಡೆದು ಹಾಕು. ಅದು ಎನ್‌ಎಚ್‌ಎಸ್‌ನದು, ಅಂದರೆ ಸರ್ಕಾರಿ ಆರೋಗ್ಯ ಸೇವೆಯದು. ಮತ ಕೇಳಲು ಹೋದಾಗ ಬಾಗಿಲು ತೆರೆದವರಲ್ಲಿ ಒಬ್ಬ ನರ್ಸ್ ಇದ್ದರೂ ಸಾಕು, ಅಲ್ಲೇ ನಿನ್ನ ಮಾನ ಹೋಗುತ್ತದೆ.

ಪಾರ್ಕಿಂಗ್ ದುಡ್ಡಿನದು ಎಲ್ಲ ಹೊಸಬರೂ ಬೀಳುವ ಹಳ್ಳ. ರಸ್ತೆಬದಿ ಪಾರ್ಕಿಂಗ್ ಶುಲ್ಕ ಮತ್ತು ದಂಡದಿಂದ ಮಿಕ್ಕಿದ್ದನ್ನು 1984ರ ರಸ್ತೆ ಸಂಚಾರ ನಿಯಂತ್ರಣ ಕಾಯಿದೆಯ 55ನೇ ಕಲಂ ಕಟ್ಟಿಹಾಕಿದೆ. ರಸ್ತೆ, ಬಸ್ಸು, ಪಾರ್ಕಿಂಗ್ ಜಾಗ, ಇಂಥವಕ್ಕೆ ಖರ್ಚು ಮಾಡಬಹುದು. ಗ್ರಂಥಾಲಯದ ಸಂಬಳಕ್ಕೆ ಅಲ್ಲ. ಕೌನ್ಸಿಲ್ ಮನೆಗಳ ಬಾಡಿಗೆಯೂ ಹೀಗೇ ಬೇರೆ ಖಾತೆ, ಶಾಲೆಗಳ ಅನುದಾನವೂ ಬೇರೆ. ಕೌನ್ಸಿಲ್ಲಿನ ಒಟ್ಟು ಬಜೆಟ್ ನೋಡಿ "ಇಷ್ಟು ಕೋಟಿ ಇದೆ, ಒಂದು ಗ್ರಂಥಾಲಯಕ್ಕೆ ಇಲ್ಲವೇ" ಎನ್ನುವವರಿಗೆ ಈ ಬೇಲಿಗಳು ಕಾಣುವುದಿಲ್ಲ.

ಇನ್ನು ತೆರಿಗೆ. ನಿಮ್ಮದು ಯುನಿಟರಿ ಕೌನ್ಸಿಲ್, ಊರಿನ ಸ್ಥಳೀಯ ಸೇವೆಗಳನ್ನೆಲ್ಲ ಒಂದೇ ನಡೆಸುವಂಥದು. ಜನಮತಗಣನೆ ನಡೆಸದೆ ವರ್ಷಕ್ಕೆ 4.99% ತನಕ ಏರಿಸಬಹುದು, ಅದರಲ್ಲಿ 2% ವಯಸ್ಕರ ಆರೈಕೆಗೇ ಮೀಸಲು. ಲೆಕ್ಕ ಹಾಕಿ ನೋಡು. ಊರಲ್ಲಿ ಬ್ಯಾಂಡ್ ಡಿ (ಅಳತೆಗೋಲಾಗಿ ಹಿಡಿಯುವ ತೆರಿಗೆ ದರ್ಜೆ) ಲೆಕ್ಕದಲ್ಲಿ 60,000 ಮನೆ, ತೆರಿಗೆ ಮನೆಗೆ 2,000 ಪೌಂಡ್ ಅಂತ ಇಟ್ಟುಕೋ. ವರ್ಷದ ವಸೂಲಿ 12 ಕೋಟಿ ಪೌಂಡ್. 1% ಅಂದರೆ 12 ಲಕ್ಷ, ಮನೆಗೆ 20 ಪೌಂಡ್. ಏರಿಕೆ ಪೂರ್ತಿ ಬೇಡ ಎಂದೆಯೋ, ಹೆಚ್ಚುಕಮ್ಮಿ 60 ಲಕ್ಷ ಬಿಟ್ಟುಕೊಟ್ಟ ಹಾಗೆ. ಅದೂ ಒಂದು ವರ್ಷಕ್ಕಲ್ಲ. ಮುಂದಿನ ವರ್ಷದ ಏರಿಕೆ ಆ ಕಡಿಮೆ ಮೊತ್ತದ ಮೇಲೇ ಕೂರುತ್ತದೆ, ಹಾಗಾಗಿ ಬಿಟ್ಟದ್ದು ಮರಳುವುದಿಲ್ಲ. ಇಷ್ಟು ಬಿಟ್ಟು ಗ್ರಂಥಾಲಯವನ್ನೂ ಉಳಿಸುತ್ತೇನೆ ಎನ್ನುವವನನ್ನು ಎದುರಾಳಿ ಸಭೆಯಲ್ಲಿ ಒಂದೇ ಪ್ರಶ್ನೆಯಲ್ಲಿ ಕೂರಿಸುತ್ತಾನೆ. ತೆರಿಗೆ ಮಾತೇ ಎತ್ತಬೇಡ. ಕೇಳಿದರೆ ಅಂಕಿ ಹೇಳು.

ಗ್ರಂಥಾಲಯದ ಭರವಸೆ ಇರಲಿ, ಅದರಲ್ಲಿ ಸತ್ವವಿದೆ. ಆದರೆ ಮೊದಲು ನೀನು ಬಜೆಟ್ ಓದಬೇಕು. ಈಗ ಜನವರಿ. ಕೌನ್ಸಿಲ್ ಮಾರ್ಚ್ 11ರೊಳಗೆ ಬಜೆಟ್ ಗೊತ್ತುಮಾಡಲೇಬೇಕು, ಹೆಚ್ಚಿನ ಕಡೆ ಫೆಬ್ರವರಿಯಲ್ಲೇ ಮುಗಿಸುತ್ತಾರೆ. ಸಭೆಗೆ ಐದು ಕೆಲಸದ ದಿನ ಮುಂಚೆ ಕಾಗದಪತ್ರ ವೆಬ್‌ಸೈಟಿಗೆ ಬರುತ್ತದೆ. ಮುಖ್ಯ ವರದಿಯಲ್ಲಿ ಕಾಲ ಕಳೆಯಬೇಡ, ನೇರವಾಗಿ ಉಳಿತಾಯದ ಅನುಬಂಧಕ್ಕೆ ಹೋಗು. ಅಲ್ಲಿ ಒಂದೊಂದು ಸಾಲಿಗೆ ಒಂದೊಂದು ಕಡಿತ: ಯಾವ ವಿಭಾಗ, ಈ ವರ್ಷ ಎಷ್ಟು, ಮುಂದಿನ ವರ್ಷ ಎಷ್ಟು. ನಿಮ್ಮ ಗ್ರಂಥಾಲಯದ ಸಾಲಿನ ಮೇಲೆ ಬೆರಳಿಟ್ಟು ಮೂರು ವಿಷಯ ನೋಡು.

ಮೊದಲನೆಯದು, ಮುಚ್ಚಿದರೆ ನಿಜವಾಗಿ ಉಳಿಯುವುದೆಷ್ಟು. ಶಾಖೆಗೆ ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ಖರ್ಚು ಎಂದು ಬರೆದಿದ್ದರೆ, ಅದರಲ್ಲಿ ಕೇಂದ್ರ ಕಚೇರಿಯ ಪಾಲು ಅಂತ ಹಾಕಿದ ಮೊತ್ತವೂ ಸೇರಿರುತ್ತದೆ: ಕಂಪ್ಯೂಟರ್ ವಿಭಾಗ, ಸಂಬಳ ಬಟವಾಡೆ, ಮ್ಯಾನೇಜರು. ಬಾಗಿಲು ಹಾಕಿದ ಮಾತ್ರಕ್ಕೆ ಆ ಖರ್ಚು ಮಾಯವಾಗುವುದಿಲ್ಲ, ಉಳಿದ ಶಾಖೆಗಳ ತಲೆಗೆ ಹೋಗುತ್ತದೆ. ಕಟ್ಟಡ ಕೌನ್ಸಿಲ್ಲಿನದೇ ಆಗಿದ್ದರೆ ಖಾಲಿ ಬಿದ್ದಾಗಲೂ ಕಾವಲು, ವಿಮೆ ತಪ್ಪದು. ನಿಜವಾದ ಉಳಿತಾಯ ಕಾಗದದ ಅಂಕಿಗಿಂತ ಎಷ್ಟೋ ಕಡಿಮೆ ಇರಬಹುದು. ನಿನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದಿಲ್ಲ.

ಎರಡನೆಯದು, ಆ ಖರ್ಚು ಒಂದು ಸಲದ್ದೋ ಪ್ರತಿ ವರ್ಷದ್ದೋ. ಮೀಸಲು ನಿಧಿ ಇದೆಯಲ್ಲ, ತೆಗೆದು ಕೊಡಲಿ ಅಂತ ನೀನು ಹೇಳಬಹುದು. ಮೀಸಲು ನಿಧಿ ಒಮ್ಮೆ ಖರ್ಚಾದರೆ ಮುಗಿಯಿತು, ಗ್ರಂಥಪಾಲಕರಿಗೆ ಸಂಬಳ ತಿಂಗಳು ತಿಂಗಳೂ ಬೇಕು. ಕಟ್ಟಡ ಮಾರಿದ ದುಡ್ಡನ್ನೂ ಸಾಮಾನ್ಯವಾಗಿ ದಿನನಿತ್ಯದ ಖರ್ಚಿಗೆ ಬಳಸುವಂತಿಲ್ಲ, ಅದಕ್ಕಾಗಿ ಸಾಲ ಎತ್ತುವಂತೆಯೂ ಇಲ್ಲ. ಕೇಂದ್ರ ಸರ್ಕಾರಕ್ಕೆ ಇರುವ ಆ ಸೌಕರ್ಯ ಕೌನ್ಸಿಲ್ಲಿಗಿಲ್ಲ.

ಮೂರನೆಯದು, ಕಾನೂನು. 1964ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ "ಸಮಗ್ರ ಮತ್ತು ದಕ್ಷ" ಸೇವೆ ಕೊಡಬೇಕು ಎನ್ನುತ್ತದೆ, ಎಷ್ಟು ಶಾಖೆ ಎಂದು ಹೇಳುವುದಿಲ್ಲ. ಮುಚ್ಚುವ ಮುಂಚೆ ಜನಾಭಿಪ್ರಾಯ ಕೇಳಿದರೇ, ಬಸ್ಸಿಲ್ಲದ ಮುದುಕರು, ಚಿಕ್ಕ ಮಕ್ಕಳ ತಾಯಂದಿರ ಮೇಲೆ ಏನು ಪರಿಣಾಮ ಅಂತ ತೂಗಿ ನೋಡಿದರೇ, ಆ ವರದಿ ಅನುಬಂಧದಲ್ಲಿ ಇದೆಯೇ, ನೋಡು. ಒಂದೇ ಪುಟದ ಕಾಟಾಚಾರದ ವರದಿ ಇದ್ದರೆ ಅದನ್ನೇ ಹಿಡಿ.

ಇಷ್ಟಾದ ಮೇಲೆ ಭರವಸೆಯ ವಾಕ್ಯ ಬದಲಾಯಿಸು. "ಮುಚ್ಚಲು ಬಿಡುವುದಿಲ್ಲ" ಎನ್ನುವ ಅಧಿಕಾರ ಒಬ್ಬ ಸ್ವತಂತ್ರ ಕೌನ್ಸಿಲರ್‌ಗೆ ಇಲ್ಲ. "ವಾರಕ್ಕೆ ಮೂರು ದಿನವಾದರೂ ತೆರೆದಿಡಲು ಬಜೆಟ್ ತಿದ್ದುಪಡಿ ತರುತ್ತೇನೆ, ಅದಕ್ಕೆ ದುಡ್ಡು ಇಂಥ ಬಾಬಿನಿಂದ" ಅಂತ ಬರೆ. ಆ ಬಾಬು ಎಲ್ಲಿ? 500 ಪೌಂಡ್ ಮೀರಿದ ಪಾವತಿಗಳ ಪಟ್ಟಿಯನ್ನು ಕೌನ್ಸಿಲ್ ಪ್ರಕಟಿಸಬೇಕು. ಹನ್ನೆರಡು ತಿಂಗಳದ್ದು ಇಳಿಸಿಕೊಂಡು ಸ್ಪ್ರೆಡ್‌ಶೀಟಿನಲ್ಲಿ ಪೂರೈಕೆದಾರರ ಹೆಸರಿನ ಪ್ರಕಾರ ಕೂಡಿಸು. ಏಜೆನ್ಸಿ ಸಿಬ್ಬಂದಿ, ಸಲಹೆಗಾರರು, ಬಾಡಿಗೆ ಕಚೇರಿ, ಇವು ಎದ್ದು ಕಾಣುತ್ತವೆ. ಕೌನ್ಸಿಲರ್‌ಗಳ ಭತ್ಯೆ, ಮುಖ್ಯಾಧಿಕಾರಿಯ ಸಂಬಳ ಅಂತ ಕೂಗಬೇಡ. ಚಪ್ಪಾಳೆ ಬರುತ್ತದೆ, ದುಡ್ಡು ಹುಟ್ಟುವುದಿಲ್ಲ. ಗೆದ್ದ ಮೇಲೆ ತಿದ್ದುಪಡಿ ತರುವಾಗ ಹಣಕಾಸು ಅಧಿಕಾರಿ ಅದನ್ನು ಒರೆಗೆ ಹಚ್ಚುತ್ತಾರೆ. ಆಗ ನಿಲ್ಲದ ಲೆಕ್ಕವನ್ನು ಈಗ ಕರಪತ್ರದಲ್ಲಿ ಹಾಕಬೇಡ.

ಆ ಅಧಿಕಾರಿಗಳು ಇಷ್ಟು ಬಿಗಿ ಯಾಕೆ ಅಂತ ಗೊತ್ತಿರಲಿ. 2010-11ರಿಂದ 2017-18ರ ನಡುವೆ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಕೇಂದ್ರದ ಅನುದಾನ, ಬೆಲೆಯೇರಿಕೆ ಕಳೆದರೆ, 49.1% ಇಳಿಯಿತು, ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ಕೊಟ್ಟ ಅಂಕಿ ಅದು. ಇತ್ತ ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಮನೆಯಿಲ್ಲದವರ ವಸತಿ ಕಾನೂನಿನ ಹೊಣೆ, ಬಿಡುವಂತಿಲ್ಲ. ನಿಮ್ಮಂಥ ಕೌನ್ಸಿಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತದೆ. ಹೀಗಾಗಿ ಕತ್ತರಿ ಬೀಳುವುದು ಗ್ರಂಥಾಲಯ, ಯುವಕರ ಕ್ಲಬ್ಬು, ಉದ್ಯಾನ, ಸಬ್ಸಿಡಿ ಬಸ್ಸಿನ ಮೇಲೆ. ಲೆಕ್ಕ ಕೂಡದಿದ್ದರೆ ಹಣಕಾಸು ಅಧಿಕಾರಿ 1988ರ ಸ್ಥಳೀಯ ಸರ್ಕಾರ ಹಣಕಾಸು ಕಾಯಿದೆಯ 114ನೇ ಕಲಂ ನೋಟಿಸ್ ಹೊರಡಿಸುತ್ತಾರೆ, ಹೊಸ ಖರ್ಚು ನಿಲ್ಲುತ್ತದೆ. ನಾರ್ತಾಂಪ್ಟನ್‌ಶೈರ್ 2018ರಲ್ಲಿ, ಕ್ರಾಯ್ಡನ್ 2020ರಲ್ಲಿ, ವೋಕಿಂಗ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ 2023ರಲ್ಲಿ ಅಲ್ಲಿಗೆ ಮುಟ್ಟಿದವು. ಎಲ್ಲಕ್ಕೂ ಕಡಿತವೇ ಕಾರಣ ಅನ್ನಬೇಡ. ವೋಕಿಂಗ್ ಮುಳುಗಿದ್ದು ಕಟ್ಟಡಗಳ ಹೂಡಿಕೆಗೆ ಎತ್ತಿದ ಸಾಲದಿಂದ. ಬರ್ಮಿಂಗ್‌ಹ್ಯಾಮ್‌ಗೆ ಸಮಾನ ವೇತನದ ಬಾಕಿ ಮತ್ತು ಕೆಟ್ಟ ಸಾಫ್ಟ್‌ವೇರ್ ಎರಡೂ ಸೇರಿದವು. ಬಾಗಿಲಲ್ಲಿ "ತೆರಿಗೆ ಏರುತ್ತೆ, ರಸ್ತೆ ಗುಂಡಿ ಹಾಗೇ ಇರುತ್ತೆ, ಯಾಕೆ?" ಅಂತ ಕೇಳಿದವರಿಗೆ ಹೇಳು: ಆರೈಕೆ ಗೃಹದಲ್ಲಿ ಇಡಬೇಕಾದ ಒಂದು ಮಗುವಿಗೆ ವಾರಕ್ಕೆ ಹಲವು ಸಾವಿರ ಪೌಂಡ್ ಆಗುತ್ತದೆ. ಜನ ಒಪ್ಪುತ್ತಾರೆ. ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಮನೆಮನೆ ಪ್ರಚಾರಕ್ಕೆ ಬಾ. ವಾರ್ಡಿನಲ್ಲಿ 8,000 ಮತದಾರರು ಅಂದರೆ, ಮೂರನೇ ಒಂದು ಪಾಲು ಮತ ಹಾಕಿದರೂ 2,700ರ ಆಸುಪಾಸು. ನಾಲ್ಕು ಜನ ನಿಂತರೆ ಸಾವಿರ ಚಿಲ್ಲರೆ ಮತಕ್ಕೆ ಗೆಲುವು. ಒಂದು ಗಂಟೆಗೆ ಒಬ್ಬ 25-30 ಬಾಗಿಲು ತಟ್ಟಬಹುದು, ಮೂರರಲ್ಲಿ ಒಂದು ತೆರೆಯುತ್ತದೆ. ಅಂದರೆ ಈಗಿಂದ ಶುರು ಮಾಡದಿದ್ದರೆ ಮುಗಿಯುವುದಿಲ್ಲ. ವಾರದ ದಿನ ಸಂಜೆ ಐದೂವರೆಯಿಂದ ಎಂಟು, ಶನಿವಾರ ಹತ್ತೂವರೆ ಮೇಲೆ. ಇಬ್ಬರು ಹೋಗಿ: ಒಬ್ಬರು ತಟ್ಟುವುದು, ಇನ್ನೊಬ್ಬರು ಬರೆದುಕೊಳ್ಳುವುದು. ತಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲು, ಬರುವಾಗ ಗೇಟು ಹಾಕು. ಭಾಷಣ ಬೇಡ. "ಈ ಬೀದಿಯಲ್ಲಿ ಏನು ಸರಿಯಾಗಬೇಕು?" ಅಂತ ಕೇಳಿ ಸುಮ್ಮನಿರು. ಹೇಳಿದ್ದನ್ನು ಕೌನ್ಸಿಲ್ಲಿಗೆ ದೂರು ಕೊಟ್ಟು, ದೂರಿನ ನಂಬರನ್ನು ಚೀಟಿಯಲ್ಲಿ ಬರೆದು ಅವರ ಬಾಗಿಲ ಕಿಂಡಿಗೆ ಹಾಕು. ಗೆಲ್ಲುವ ಮುಂಚೆ ಮಾಡಿದ ಒಂದು ಬೀದಿ ದೀಪದ ಕೆಲಸ ಹತ್ತು ಭರವಸೆಗೆ ಸಮ.

ಕರಪತ್ರಕ್ಕೆ ತೆಳು ಕಾಗದ ಬೇಡ. ಇಲ್ಲಿನ ಟಪಾಲು ಕಿಂಡಿಗಳಲ್ಲಿ ಸ್ಪ್ರಿಂಗು, ಒಳಗೆ ಬ್ರಷ್ಷು; 90 ಜಿಎಸ್‌ಎಂ ತೂಕದ ಕಾಗದ ಅಲ್ಲೇ ಮುದುರಿಕೊಂಡು ಮಳೆಗೆ ನೆನೆಯುತ್ತದೆ. 130-150 ಜಿಎಸ್‌ಎಂ, ಎ5 ಅಳತೆ ಸಾಕು. ಬೆರಳಿಂದ ತಳ್ಳಬೇಡ, ಬಾಗಿಲ ಹಿಂದೆ ನಾಯಿ ಕೂತಿರುತ್ತದೆ. ದೋಸೆ ಮಗುಚುವ ಮರದ ಸಟ್ಟುಗ ಚೀಲದಲ್ಲಿಟ್ಟುಕೋ, ಕರಪತ್ರವನ್ನು ಅದಕ್ಕೆ ಒರಗಿಸಿ ಒಳಗೆ ದೂಡಿ ಸಟ್ಟುಗ ಮಾತ್ರ ಈಚೆಗೆ ಎಳೆ.

ನಮ್ಮವರ ಮತ ಅಂತ ಕೂತು ಲೆಕ್ಕ ಹಾಕಬೇಡ. ಆದರೆ ಒಂದು ಕೆಲಸ ಖಂಡಿತ ಮಾಡು. ವೀಸಾ ಮೇಲಿರುವ ಎಷ್ಟೋ ಕನ್ನಡದ ಐಟಿ ದಂಪತಿಗಳು ತಮಗೆ ಇಲ್ಲಿ ಮತವಿಲ್ಲ ಅಂದುಕೊಂಡಿರುತ್ತಾರೆ. ಭಾರತ ಕಾಮನ್‌ವೆಲ್ತ್ ದೇಶ. ಸಕ್ರಮ ವೀಸಾ ಇದ್ದರೆ ಮತವಿದೆ, ಮತಗಟ್ಟೆಯಲ್ಲಿ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ನಡೆಯುತ್ತದೆ. ಚುನಾವಣೆಗೆ 12 ಕೆಲಸದ ದಿನ ಮುಂಚೆ ನೋಂದಣಿ ಮುಗಿಯುತ್ತದೆ. ಅಭ್ಯರ್ಥಿಯಾಗಲು ಮಾತ್ರ ಬ್ರಿಟಿಷ್ ಪೌರತ್ವವೋ ಕಾಯಂ ನೆಲೆಯ ಅನುಮತಿಯೋ ಬೇಕು, ನಿನ್ನ ಕಾಗದ ಸರಿಯಾಗಿದೆಯೇ ನೋಡಿಕೋ. ಲಂಡನ್ನಿನ ಲ್ಯಾಂಬೆತ್‌ನಲ್ಲಿ 2010ರಲ್ಲಿ ಮೇಯರ್ ಆದ ಕಲಬುರಗಿಯ ನೀರಜ್ ಪಾಟೀಲರ ಹೆಸರು ಯುಗಾದಿ ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ಯುಗಾದಿ ಊಟ ನಿನ್ನ ಖರ್ಚಿನಲ್ಲಿ ಆಗಿ, ಹೋಳಿಗೆ ಪಕ್ಕ ನಿನ್ನ ಕರಪತ್ರ ಇದ್ದರೆ, ಊಟ ಹಾಕಿಸಿ ಮತ ಕೇಳಿದ ಅಪರಾಧ ನಿನ್ನ ಮೇಲೆ ಬರಬಹುದು. ಊಟದ ಮನೆಗೆ ಕರಪತ್ರ ಒಯ್ಯಲೇಬೇಡ. ಯಾರದೇ ಅಂಚೆ ಮತದ ಲಕೋಟೆಯನ್ನೂ ಮುಟ್ಟಬೇಡ, ಪಕ್ಕದ ಮನೆ ಅಜ್ಜಿ ಕೊಟ್ಟರೂ ಸರಿ. ಪ್ರಚಾರ ಮಾಡುವವರಿಗೆ ಅದು ಈಗ ನಿಷಿದ್ಧ, ಸ್ವಂತ ಮನೆಯವರದು ಬೇರೆ ಮಾತು.

ನಾಮಪತ್ರ ಸುಲಭ. ಠೇವಣಿ ಇಲ್ಲ, ವಾರ್ಡಿನ ಇಬ್ಬರು ಮತದಾರರ ಸಹಿ, ನಿನ್ನ ಒಪ್ಪಿಗೆ ಪತ್ರಕ್ಕೆ ಸಾಕ್ಷಿ. ಚುನಾವಣೆಗೆ 19 ಕೆಲಸದ ದಿನ ಮುಂಚೆ ಸಂಜೆ 4ರೊಳಗೆ ತಲುಪಿಸಬೇಕು. ಕೊನೆ ದಿನಕ್ಕೆ ಇಡಬೇಡ, ಸಹಿ ಮಾಡಿದವರ ಹೆಸರು ಪಟ್ಟಿಯಲ್ಲಿ ಬೇರೆ ವಾರ್ಡಿನಲ್ಲಿದ್ದರೆ ನಾಮಪತ್ರ ಬಿದ್ದುಹೋಗುತ್ತದೆ. ಕೌನ್ಸಿಲ್ಲಿನಲ್ಲೇ ನೌಕರಿಯಿದ್ದರೆ ನಿಲ್ಲುವಂತಿಲ್ಲ. ನಿನ್ನ ಹೆಂಡತಿ ಕೌನ್ಸಿಲ್ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಅದರಿಂದ ನಿನಗೆ ತೊಂದರೆ ಇಲ್ಲ. ಕೌನ್ಸಿಲ್ ಟ್ಯಾಕ್ಸ್ ಬಾಕಿ ಮಾತ್ರ ಇಟ್ಟುಕೊಳ್ಳಬೇಡ. ಎರಡು ತಿಂಗಳ ಬಾಕಿ ಇರುವ ಕೌನ್ಸಿಲರ್ ಬಜೆಟ್ಟಿಗೆ ಮತ ಹಾಕುವಂತಿಲ್ಲ.

ಖರ್ಚಿನ ಮಿತಿ 960 ಪೌಂಡ್, ಮೇಲೆ ಮತದಾರನಿಗೆ 8 ಪೆನ್ಸ್. 8,000 ಜನರಿಗೆ 1,600 ಆಯಿತು. ಚುನಾವಣಾ ಆಯೋಗದ ಕೈಪಿಡಿಯಲ್ಲಿ ಈ ವರ್ಷದ ಅಂಕಿ ಮತ್ತೊಮ್ಮೆ ನೋಡಿಕೋ. ಗೆಳೆಯ ಪುಕ್ಕಟೆ ಅಚ್ಚು ಹಾಕಿಕೊಟ್ಟರೂ ಅದರ ಬೆಲೆ ಲೆಕ್ಕಕ್ಕೆ ಬರುತ್ತದೆ. 50 ಪೌಂಡ್ ಮೀರಿದ ದೇಣಿಗೆ ಯಾರದು ಅಂತ ಪರಿಶೀಲಿಸಬೇಕು, ಬೆಂಗಳೂರಿಂದ ನಿನ್ನ ಭಾವ ಕಳಿಸುವ ದುಡ್ಡು ಬೇಡವೇ ಬೇಡ. ಸೋತರೂ ಗೆದ್ದರೂ ಫಲಿತಾಂಶದಿಂದ 35 ದಿನದೊಳಗೆ ಲೆಕ್ಕ ಒಪ್ಪಿಸಬೇಕು, ಒಂದು ಪೆನ್ನಿ ಖರ್ಚಾಗದಿದ್ದರೂ.

ನಿನ್ನ ಕರಡಿನ ಕೆಳಗೆ ಅಚ್ಚು ಹಾಕಿದವರ, ಪ್ರಕಟಿಸಿದವರ ಹೆಸರು ವಿಳಾಸವೇ ಇಲ್ಲ. ಅದಿಲ್ಲದೆ ಹಂಚಿದರೆ ಅಪರಾಧ. ಫೇಸ್‌ಬುಕ್ಕಿನಲ್ಲಿ ಹಾಕುವುದಕ್ಕೂ 2023ರ ನವೆಂಬರಿನಿಂದ ಪ್ರಕಟಿಸಿದವರ ಹೆಸರು ವಿಳಾಸ ಬೇಕೇ ಬೇಕು. ತಿದ್ದಿದ ಕರಡನ್ನು ಬಜೆಟ್ ಕಾಗದ ಓದಿದ ಮೇಲೆ ಕಳಿಸು, ಉಳಿತಾಯದ ಅನುಬಂಧದ ಪುಟವನ್ನೂ ಜೊತೆಗಿಡು. ಸೊಸೆಗೂ ಮಗುವಿಗೂ ಆಶೀರ್ವಾದ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ