ಕಲ್ಲುಸಕ್ಕರೆಗೆ ಕರೆಂಟು ಕೊಟ್ಟರೆ

ಸೀನ,

ನ್ಯಾನೋಕಣ ಜೋಡಿಸಿ ಮಾಡೋ ಹರಳು ಎಲ್‌ಇಡಿಗೆ ಹೇಗೆ ಹೋಗುತ್ತೆ ಅಂತ ಇನ್‌ಬಾಕ್ಸಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಇಲ್ಲೇ ಉತ್ತರ ಬರೀತಿದೀನಿ, ನಾಲ್ಕು ಜನ ಓದಲಿ.

ಸೀಸಿಯಂ ಲೆಡ್ ಬ್ರೋಮೈಡ್ ನ್ಯಾನೋಕಣ (ಹಸಿರಾಗಿ ಹೊಳೆಯೋ ಪುಟಾಣಿ ಹರಳು) ಮಾಡೋದು ಥೇಟ್ ಒಗ್ಗರಣೆ ಕಣೋ. 2015ರಲ್ಲಿ ಜ್ಯೂರಿಕ್‌ನ ಸಂಶೋಧಕರು ಕೊಟ್ಟ ಪಾಕ. 5 ಮಿ.ಲೀ. ಆಕ್ಟಾಡಿಸೀನ್ ಅನ್ನೋ ದ್ರಾವಕಕ್ಕೆ 69 ಮಿ.ಗ್ರಾಂ ಲೆಡ್ ಬ್ರೋಮೈಡ್, 120 ಡಿಗ್ರಿಯಲ್ಲಿ ಒಂದು ಗಂಟೆ ವ್ಯಾಕ್ಯೂಮ್. ಆಮೇಲೆ ನೈಟ್ರೋಜನ್ ಬಿಟ್ಟು ಓಲಿಯಿಕ್ ಆಸಿಡ್, ಓಲೈಲಮೀನ್, ಎರಡೂ ಅರ್ಧರ್ಧ ಮಿ.ಲೀ. ಪುಡಿ ಪೂರ್ತಿ ಕರಗಿದ ಮೇಲೆ 170–180ಕ್ಕೆ ಏರಿಸಿ, 0.125 ಮೋಲಾರ್ ಸೀಸಿಯಂ ಓಲಿಯೇಟ್ 0.4 ಮಿ.ಲೀ. ಒಂದೇ ಏಟಿಗೆ. ಐದು ಸೆಕೆಂಡು, ಐಸ್ ನೀರಿಗೆ. ಓಲಿಯೇಟನ್ನ ಮೊದಲೇ 100 ಡಿಗ್ರಿಗೆ ಕಾಯಿಸಿಟ್ಟುಕೋ. ಆರಿದರೆ ತುಪ್ಪದ ಹಾಗೆ ಸಿರಿಂಜಲ್ಲೇ ಹೆಪ್ಪುಗಟ್ಟುತ್ತೆ.

ಎಲ್ಲರೂ ಎಡವೋದು ತೊಳೆಯೋದರಲ್ಲಿ. ಮೀಥೈಲ್ ಅಸಿಟೇಟ್ ಸಾಕು; ಮೆಥನಾಲ್ ತೋರಿಸಿದರೆ ಕಣವೇ ಹಾಳು. ಕಮ್ಮಿ ತೊಳೆದರೆ ಬಿಡಿ ಓಲಿಯಿಕ್ ಆಸಿಡ್ ಉಳಿದು, ಮುಂದೆ ಕಣಗಳು ಸಾಲಾಗಿ ಕೂರೋ ಜೋಡಣೆ ಕೆಡುತ್ತೆ. ಜಾಸ್ತಿ ತೊಳೆದರೆ ಮೈಮೇಲಿನ ಲಿಗ್ಯಾಂಡ್ (ಕಣಕ್ಕೆ ಅಂಟಿಕೊಂಡ ಉದ್ದ ಬಾಲದ ಅಣುಗಳು) ಕಳಚಿ ಹೊಳಪು ಹೋಗುತ್ತೆ, ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಹಸಿರು ಹಳದಿಗೆ ವಾಲಿತಾ? ಅದೇ ರೋಗ.

ಜೋಡಣೆಗೆ ಟಾಲ್ವೀನ್‌ನಲ್ಲಿ ಕಲಸಿ, ಸಿಲಿಕಾನ್ ಚೂರಿನ ಮೇಲೆ ಬಿಟ್ಟು, ಪೆಟ್ರಿ ತಟ್ಟೆ ಮುಚ್ಚಿ ಒಂದು ದಿನ ಮರೆತುಬಿಡು. ಬೇಗ ಆರಿದರೆ ಕಾಫಿ ಲೋಟದ ಕಲೆ ಥರ ಅಂಚಿಗೆ ಬಳೆ ಕಟ್ಟುತ್ತೆ, ಅಷ್ಟೆ. ನಿಧಾನ ಆರಿದರೆ ಒಂಬತ್ತು ನ್ಯಾನೋಮೀಟರಿನ ಘನಗಳು ಸಾಲುಸಾಲಾಗಿ ಕೂತು, ಮೈಕ್ರಾನ್ ಅಳತೆಯ ಕಲ್ಲುಸಕ್ಕರೆ! 2018ರಲ್ಲಿ ಇಂಥ ಹರಳುಗಳನ್ನೇ 6 ಕೆಲ್ವಿನ್‌ಗೆ ತಣಿಸಿದಾಗ ಕಣಗಳೆಲ್ಲ ಒಂದೇ ಉಸಿರಿಗೆ ಬೆಳಕು ಉಗುಳಿದ್ದು.

ಈಗ ನೀನು ಕೇಳಿದ್ದು: ಇದು ಎಲ್‌ಇಡಿಗೆ ಹೇಗೆ ಹೋಗುತ್ತೆ?

ಹೋಗಲ್ಲ ಕಣೋ. ಎಲ್‌ಇಡಿಯ ಬೆಳಕಿನ ಪದರ ಹತ್ತಾರು ನ್ಯಾನೋಮೀಟರ್, ನಮ್ಮ ಕಲ್ಲುಸಕ್ಕರೆ ಅದರ ಎಷ್ಟೋ ಪಟ್ಟು ಎತ್ತರ. ಹರಳುಗಳ ನಡುವಿನ ಸಂದಿಯಲ್ಲಿ ಮೇಲಿನ ಪದರ ಕೆಳಗಿನದಕ್ಕೆ ನೇರ ತಾಗಿ ಕರೆಂಟು ಸೋರುತ್ತೆ. ಅದಕ್ಕಿಂತ ದೊಡ್ಡ ತಮಾಷೆ, ಘನಗಳನ್ನು ಅಷ್ಟು ಚಂದ ಕೂರಿಸೋ ಲಿಗ್ಯಾಂಡಿನ ಹದಿನೆಂಟು ಕಾರ್ಬನ್ನಿನ ಆ ಬಾಲವೇ ವಿದ್ಯುತ್ತಿಗೆ ಗೋಡೆ. ಡಿವೈಸ್ ಬೆಳಗಬೇಕಾದರೆ ಡಿಡಿಎಬಿಯಂಥ (ಹನ್ನೆರಡು ಕಾರ್ಬನ್ ಬಾಲದ ಲಿಗ್ಯಾಂಡ್) ಗಿಡ್ಡ ಬಾಲ ಹಚ್ಚಿ, ಟಾಲ್ವೀನ್ ಬಿಟ್ಟು ಆಕ್ಟೇನ್‌ನಲ್ಲಿ ಕಲಸಿ (ಟಾಲ್ವೀನ್ ಕೆಳಗಿರೋ, ಕರೆಂಟು ಸಾಗಿಸೋ ಪಾಲಿ-ಟಿಪಿಡಿ ಪದರವನ್ನೇ ಕರಗಿಸುತ್ತೆ), ಗಿರ್ರನೆ ತಿರುಗಿಸಿ (ಸ್ಪಿನ್) ತೆಳ್ಳಗೆ ಬಳಿಯಬೇಕು. ಅಂದರೆ ಆ ಜೋಡಣೆಯನ್ನ ನಾವೇ ಬಿಟ್ಟುಕೊಡಬೇಕು.

ಆದರೂ ಸಂಶೋಧನೆಗೆ ದುಡ್ಡು ಕೇಳೋ ಅರ್ಜಿಯ ಮೊದಲ ಸಾಲಿನಲ್ಲಿ 'ಎಲ್‌ಇಡಿಗಾಗಿ' ಅಂತ ಬರೆಯೋರಲ್ಲಿ ನಾನೂ ಒಬ್ಬ. ಚಂದ ಇದೆ, ಅದಕ್ಕೇ ಮಾಡ್ತೀನಿ ಅಂದರೆ ಯಾರು ದುಡ್ಡು ಕೊಡ್ತಾರೆ? ಆ ಸಾಲನ್ನ ಓದಿ ಓದಿ ನಾನೇ ನಂಬೋಕೆ ಶುರು ಮಾಡಿದೀನಿ ಅನ್ನೋದು ಈಚೆಗೆ ಸ್ವಲ್ಪ ಕೊರೀತಿದೆ.

ಸರಿ ಬಿಡು, ಇದನ್ನ ಇಲ್ಲಿ ಬರೀಬಾರದಿತ್ತು. ಕೈಗವಸು ಹಾಕ್ಕೋ, ಸೀಸ ಇದೆ. ಮತ್ತೆ ಆ ಯುವಿ ಟಾರ್ಚ್ ನಂದು, ವಾಪಸ್ ಕೊಡು.