ಕ್ಯಾಪ್ಟನ್ ಗೋಪಿನಾಥರಿಗೆ ಸಣ್ಣ ಊರುಗಳ ನಮಸ್ಕಾರ

ನೀವು ಕಟ್ಟಿದ ಅಗ್ಗದ ದರದ ವಿಮಾನ ಕಂಪನಿ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಕಂಪನಿ ಉಳಿಯಲಿಲ್ಲ, ನಿಮ್ಮ ಋಣ ನಮ್ಮ ಮೇಲೆ ಉಳಿದಿದೆ. ಅದಕ್ಕೇ ಈ ಪತ್ರ.

ಗೊರೂರಿನ ಮೇಷ್ಟರ ಮಗ ನೀವು. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಯುದ್ಧ ಕಂಡು, ಎಂಟು ವರ್ಷ ಸೇನೆಯಲ್ಲಿ ದುಡಿದು ಇಪ್ಪತ್ತೆಂಟಕ್ಕೇ ಊರಿಗೆ ಮರಳಿದಿರಿ. ಮನೆಯ ಜಮೀನು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿತ್ತು. ಜಾವಗಲ್ ಕಡೆಯ ಬರಡು ನೆಲದಲ್ಲಿ ಟೆಂಟ್ ಹಾಕಿ ಕೂತಿರಿ. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಹಾಸನದಲ್ಲಿ ಎನ್‌ಫೀಲ್ಡ್ ಬೈಕ್ ಮಾರಿದಿರಿ, ಹೋಟೆಲನ್ನೂ ನಡೆಸಿದಿರಿ. ಕಾಸಿಗೆ ಕಾಸು ಲೆಕ್ಕ ಹಾಕುವ ಆ ಅಂಗಡಿಯ ಬುದ್ಧಿಯೇ ಮುಂದೆ ವಿಮಾನ ಹಾರಿಸಿತು ಎಂದು ನಾವು ನಂಬಿದ್ದೇವೆ.

ನೀವು ಆರಿಸಿದ್ದು 48 ಸೀಟಿನ ಎಟಿಆರ್ 42 ಎಂಬ ಪ್ರೊಪೆಲರ್ ವಿಮಾನ. ಬಾಗಿಲಲ್ಲೇ ಮೆಟ್ಟಿಲಿರುವುದರಿಂದ ಏಣಿ ಗಾಡಿ ಬೇಡ. ಬಲಗಡೆಯ ಪ್ರೊಪೆಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸಿದರೆ ನಿಂತ ವಿಮಾನಕ್ಕೆ ಕರೆಂಟ್ ಸಿಗುತ್ತದೆ, ನೆಲದ ಜನರೇಟರ್‌ಗೆ ಕಾಯಬೇಕಿಲ್ಲ. ಗಿಡ್ಡ ರನ್‌ವೇ ಸಾಕು. ಆಗ ಏನೂ ಸೌಕರ್ಯವಿಲ್ಲದಿದ್ದ ಹುಬ್ಬಳ್ಳಿಯಂಥ ನಿಲ್ದಾಣಕ್ಕೆ ಇದಕ್ಕಿಂತ ಒಪ್ಪುವ ವಿಮಾನ ಇರಲಿಲ್ಲ.

ದರ ಇಳಿದದ್ದೂ ಲೆಕ್ಕದಿಂದಲೇ. ಹಾರಲಿ ಬಿಡಲಿ, ವಿಮಾನದ ಬಾಡಿಗೆ ತಿಂಗಳಿಗೆ ಅಷ್ಟೇ. ನೆಲದ ಮೇಲೆ ನಿಲ್ಲುವ ಹೊತ್ತು ತಗ್ಗಿಸಿ ದಿನಕ್ಕೊಂದು ಸುತ್ತು ಹೆಚ್ಚಿಸಿದರೆ ಆ ಬಾಡಿಗೆ ಇನ್ನಷ್ಟು ಸೀಟುಗಳಿಗೆ ಹಂಚಿಹೋಗುತ್ತದೆ. ಪುಕ್ಕಟೆ ಊಟವಿಲ್ಲ, ಬಿಸಿನೆಸ್ ಕ್ಲಾಸ್ ಇಲ್ಲ, ಟಿಕೆಟ್ ಇಂಟರ್ನೆಟ್ಟಿನಲ್ಲಿ. ಇದರ ಕಷ್ಟವನ್ನೂ ಹೇಳಲೇಬೇಕು: ಬಿಡುವಿಲ್ಲದ ವೇಳಾಪಟ್ಟಿಯಲ್ಲಿ ಬೆಳಗಿನ ಒಂದು ವಿಮಾನ ಮಂಜಿಗೆ ಸಿಕ್ಕಿತೆಂದರೆ ಸಂಜೆಯವರೆಗಿನ ಎಲ್ಲವೂ ತಡ. ಬದಲಿ ವಿಮಾನ ಇಟ್ಟುಕೊಂಡರೆ ದರ ಏರುತ್ತದೆ. ತಡವಾದಾಗ ಬೈಸಿಕೊಂಡವರು ಕೌಂಟರ್‌ನಲ್ಲಿ ನಿಂತ ಹುಡುಗ ಹುಡುಗಿಯರು. ಅವರಿಗೆ ಕೈಮುಗಿಯುತ್ತೇವೆ.

ಹೈದರಾಬಾದ್–ವಿಜಯವಾಡ ಮಾರ್ಗದ ಮೊದಲ ಹಾರಾಟದಲ್ಲೇ ಎಂಜಿನ್‌ಗೆ ಬೆಂಕಿ ಹತ್ತಿತು. ಪ್ರಯಾಣಿಕರೆಲ್ಲ ಸುರಕ್ಷಿತವಾಗಿ ಇಳಿದರು. ಅಷ್ಟಾದ ಮೇಲೂ ನೀವು ಹಿಂದೆ ಸರಿಯಲಿಲ್ಲ.

1997ರಲ್ಲಿ ನೀವು ಹೆಲಿಕಾಪ್ಟರ್ ಕಂಪನಿ ಶುರುಮಾಡಿದ ದಿನಗಳಿಂದ ಜೊತೆಗಿದ್ದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್, ರಾತ್ರಿಯಿಡೀ ವಿಮಾನ ರಿಪೇರಿ ಮಾಡಿದ ಎಂಜಿನಿಯರರು, ಜಾವಗಲ್ ತೋಟದಲ್ಲಿ ಗುಂಡಿ ತೋಡಿ ಸಸಿ ನೆಟ್ಟವರು, ಎಲ್ಲರಿಗೂ ನಮ್ಮ ನಮಸ್ಕಾರ ಮುಟ್ಟಿಸಿ, ಕ್ಯಾಪ್ಟನ್ ಸರ್.